ಹಾಡನ್ನು ಸಾಕಿದಾಕೆ

ಕಲೆಗಾರನ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಹಳೆಯ ನಂಬಿಕೆಯುಂಟು. ನಿಜವಾದ ಕಲೆಗಾರ ಕಲೆಯೊಂದನ್ನೇ ನಂಬಿ ಬಾಳಬೇಕು. ಹೊಟ್ಟೆಪಾಡಿಗಾಗಿ ಬೇರೆ ಕಸುಬು ಹಿಡಿದವನು ಅಷ್ಟರ ಮಟ್ಟಿಗೆ ಕಲೆಗೆ ಎರವಾದ. ಪಾಠ ಹೇಳಿಕೊಡುವ ಕೆಲಸಕ್ಕೆ ನಿಂತನೆಂದರೆ ಅವನ ಕಲೆಯ ಕಥೆ ಅಲ್ಲಿಗೆ ಮುಗಿದಂತೆಯೇ ಸರಿ. ಈ ನಂಬಿಕೆಯನ್ನು ನಾನೂ ಬಹುಕಾಲ ಇಟ್ಟುಕೊಂಡಿದ್ದೆ. ಇಟ್ಟುಕೊಳ್ಳುವುದರಲ್ಲಿ ನನಗೆ ಸ್ವಲ್ಪ ಲಾಭವೂ ಇತ್ತು. ಇಪ್ಪತ್ತೈದರ ಹರೆಯದಲ್ಲಿ ನಾಲ್ಕಾರು ಪದ್ಯಗಳನ್ನು ಬರೆದು, ಅವು ಅಚ್ಚಾದುದನ್ನು ಕಂಡು ಹಿಗ್ಗಿದ್ದ ನಾನು, ಅಧ್ಯಾಪಕನಾದ ಮೇಲೆ ಆ ಕಡೆ ತಲೆಹಾಕಲಿಲ್ಲ. ಯಾರಾದರೂ ಕೇಳಿದರೆ, "ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ರಾಶಿ; ಇವುಗಳ ನಡುವೆ ಕವಿತೆಗೆಲ್ಲಿ ಬಿಡುವು, ಸ್ವಾಮಿ?" ಎಂದು ಹೇಳಿ ಅವರ ಮರುಕವನ್ನು ಸಂಪಾದಿಸಿಕೊಳ್ಳುತ್ತಿದ್ದೆ. ಮಾಸ್ತಿಯವರು ಸರಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು, ಕೆ.ಎಸ್. ನರಸಿಂಹಸ್ವಾಮಿಯವರು ಗುಮಾಸ್ತಗಿರಿಯ ನಡುವೆಯೇ ಹಾಡು ಕಟ್ಟಿದರು ಎಂಬುದು ನನಗೆ ತಿಳಿಯದ ಸಂಗತಿಯೇನೂ ಅಲ್ಲ. ತರಗತಿಯಲ್ಲಿ ನಾನೇ ವಿವರಿಸಿ ಹೇಳಿದ್ದೇನೆ. ಆದರೆ ದೊಡ್ಡವರ ಮಾತು ಬೇರೆ ಎಂದು ತಳ್ಳಿಹಾಕಿಬಿಡುವುದು ಬಹಳ ಸುಲಭ.

ಈ ನನ್ನ ನಂಬಿಕೆಯನ್ನು ಅಲುಗಿಸಿದವರು ಕನ್ನಡದವರಲ್ಲ, ಸಾಹಿತಿಯೂ ಅಲ್ಲ. ಅಮೆರಿಕದ ಒಬ್ಬ ಜಾಝ್ ಗಾಯಕಿ. ಹೆಸರು ಷೀಲಾ ಜೋರ್ಡನ್. 2025ರ ಆಗಸ್ಟ್ ತಿಂಗಳಲ್ಲಿ, 96 ವರ್ಷ ವಯಸ್ಸಾಗಿ, ನ್ಯೂಯಾರ್ಕಿನಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದಾಗ, ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಸ್ನೇಹಿತರೊಬ್ಬರು ಆಕೆಯ ಒಂದು ಹಾಡನ್ನು ನನಗೆ ಕೇಳಿಸಿದರು. ಕೇಳಿ ನನಗೇನೂ ಅನ್ನಿಸಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದನಿ ತೆಳುವು, ತುಂಬಿದ ಕಂಠವಲ್ಲ. ಸ್ವರವನ್ನು ನೇರವಾಗಿ ಹಿಡಿಯುವ ಬದಲು ಕೆಳಗಿನಿಂದಲೋ ಪಕ್ಕದಿಂದಲೋ ಬಂದು ಮುಟ್ಟುವ ರೀತಿ. ಕೆಲವೆಡೆ, ಈಗ ಜಾರಿದರು, ಈಗ ಜಾರಿದರು ಎಂದು ಕೇಳುವವನಿಗೇ ದಿಗಿಲು. ಸ್ನೇಹಿತರು ನಕ್ಕು, "ಇನ್ನೊಂದು ಸಲ ಕೇಳಿ" ಎಂದರು. ಅನಂತರದ ತಿಂಗಳುಗಳಲ್ಲಿ ಆಕೆಯ ಮುದ್ರಿಕೆಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತ ಹೋದೆ. ಜಾಝ್ ಸಂಗೀತದಲ್ಲಿ ನಾನು ಪಂಡಿತನಲ್ಲ. ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಕೂತು ಪಳಗಿದ ಕಿವಿ, ಸಾಹಿತ್ಯದ ಪಾಠದಲ್ಲಿ ಪಳಗಿದ ಬುದ್ಧಿ, ಇವೆರಡೇ ನನ್ನ ಬಂಡವಾಳ. ವಾಚಕರು ಈ ಮಿತಿಯನ್ನು ಗಮನದಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಆಕೆ ಹುಟ್ಟಿದ್ದು 1928ರ ನವೆಂಬರಿನಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯದ ಸಮ್ಮರ್‌ಹಿಲ್ ಎಂಬ ಊರಿನಲ್ಲಿ, ಅಜ್ಜ ಅಜ್ಜಿಯರ ಮನೆಯಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ. ಬಡತನ ಒಂದು ಕಡೆ, ಮನೆಯವರ ಕುಡಿತ ಇನ್ನೊಂದು ಕಡೆ. ಇವೆರಡರ ನಡುವೆ ಹಾಡು ಆ ಮಗುವಿಗೆ ಆಸರೆಯಾಯಿತು. ಹದಿಹರೆಯದಲ್ಲಿ ತಾಯಿಯಿದ್ದ ಡೆಟ್ರಾಯಿಟ್ಟಿಗೆ ಮರಳಿದ ಮೇಲೆ, ಒಂದು ದಿನ ತಿಂಡಿಯಂಗಡಿಯಲ್ಲಿ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಯಲ್ಲಿ, ಚಾರ್ಲಿ ಪಾರ್ಕರನ ಸ್ಯಾಕ್ಸಫೋನ್ ವಾದನ ಆಕೆಯ ಕಿವಿಗೆ ಬಿತ್ತು. 'ನೌ ಈಸ್ ದ ಟೈಮ್' ಎಂಬ, 1945ರಲ್ಲಿ ಮುದ್ರಿತವಾದ ಕೃತಿ ಅದು. ಕೆಲವೇ ಸ್ವರಗಳು ಕಿವಿಗೆ ಬೀಳುವಷ್ಟರಲ್ಲಿ, ತನ್ನ ಬಾಳು ಈ ಸಂಗೀತಕ್ಕೇ ಮೀಸಲು ಎಂದು ನಿಶ್ಚಯಿಸಿದೆನೆಂದು ಆಕೆ ಕೊನೆಯವರೆಗೂ ಹೇಳುತ್ತಿದ್ದರು.

ಈ ನಿಶ್ಚಯದ ಬೆಲೆ ಏನೆಂಬುದನ್ನು ಇಲ್ಲಿ ಹೇಳಲೇಬೇಕು. ಪಾರ್ಕರನ ಸಂಗೀತ ಅಮೆರಿಕದ ಕಪ್ಪು ಜನಾಂಗದ ಸಂಗೀತ. ಷೀಲಾ ಬಿಳಿಯ ಹುಡುಗಿ. ಸ್ಕೀಟರ್ ಸ್ಪೈಟ್, ಲೆರಾಯ್ ಮಿಚೆಲ್ ಎಂಬ ಇಬ್ಬರು ಕಪ್ಪು ಯುವಕರೊಡನೆ ಸೇರಿ, ಪಾರ್ಕರನ ವಾದನಕ್ಕೆ ಮಾತುಗಳನ್ನು ಹೊಂದಿಸಿ ಹಾಡುವ ಒಂದು ಸಣ್ಣ ಮೇಳವನ್ನು ಆಕೆ ಕಟ್ಟಿಕೊಂಡಿದ್ದರು. ಆ ಗೆಳೆಯರ ಜತೆಯಲ್ಲಿ ಬೀದಿಯಲ್ಲಿ ನಡೆದರೆ ಪೋಲೀಸರು ತಡೆದು ನಿಲ್ಲಿಸುತ್ತಿದ್ದ ಕಾಲ ಅದು. ಯಾರ ಸಂಗೀತವನ್ನು ತಾನು ಪಡೆದೆ ಎಂಬುದನ್ನು ಆಕೆ ಮುಂದೆ ಎಂದೂ ಮರೆಯಲಿಲ್ಲ. ವೇದಿಕೆಯ ಮೇಲೆ ಪಾರ್ಕರನ ಹೆಸರೆತ್ತದೆ ಆಕೆ ಹಾಡಿದ ದಿನಗಳು ಕಡಮೆ. ಪರರ ಮನೆಯ ವಿದ್ಯೆಯನ್ನು ತನ್ನದೆಂದು ಮೆರೆಸಿ ಸಿರಿವಂತರಾದವರು ಅಮೆರಿಕದ ಸಂಗೀತ ಚರಿತ್ರೆಯಲ್ಲಿ ಎಷ್ಟೋ ಮಂದಿ. ಷೀಲಾ ಜೋರ್ಡನ್ ಸಾಲವನ್ನು ಸಾಲವೆಂದೇ ಹೇಳಿಕೊಂಡು ತೀರಿಸುತ್ತ ಬಂದವರು.

1950ರ ದಶಕದ ಆರಂಭದಲ್ಲಿ ಆಕೆ ನ್ಯೂಯಾರ್ಕಿಗೆ ಬಂದರು. ಪಾರ್ಕರನ ವಾದ್ಯಗೋಷ್ಠಿಯಲ್ಲಿ ಪಿಯಾನೊ ನುಡಿಸಿದ್ದ ಡ್ಯೂಕ್ ಜೋರ್ಡನ್ ಅವರನ್ನು ಮದುವೆಯಾದರು. ಅಂಧ ಪಿಯಾನೊ ವಾದಕ ಲೆನಿ ಟ್ರಿಸ್ಟಾನೊ ಅವರ ಬಳಿ ಶಿಷ್ಯವೃತ್ತಿ ನಡೆಸಿದರು. ಟ್ರಿಸ್ಟಾನೊ ಅವರ ಪಾಠಕ್ರಮ ನಮಗೆ ಅಪರಿಚಿತವಾದುದಲ್ಲ: ಹಿರಿಯ ವಾದಕರ ಕಲ್ಪನೆಗಳನ್ನು ಮುದ್ರಿಕೆಯಿಂದ ಕೇಳಿ ಕೇಳಿ, ಒಂದು ಸ್ವರವೂ ಬಿಡದಂತೆ ಬಾಯಲ್ಲಿ ಹಾಡಿ ಒಪ್ಪಿಸಬೇಕು. ಗುರುವಿನ ಎದುರು ಕೂತು ಪಾಠಾಂತರ ಮಾಡಿದ ನಮ್ಮ ಹಿಂದಿನವರು ಕಲಿತದ್ದೂ ಹೀಗೆಯೇ. ಕಿವಿ ಮೊದಲು, ಕಾಗದ ಆಮೇಲೆ. ಆಕೆಯ ಕಿವಿಗೆ ಲಕ್ಷ ಲಕ್ಷ ಬೆಲೆಯುಂಟು ಎಂಬರ್ಥದ ಮೆಚ್ಚುಮಾತನ್ನು ಸ್ವತಃ ಪಾರ್ಕರನೇ ಆಡಿದ್ದನೆಂದು ಹೇಳುತ್ತಾರೆ.

1955ರಲ್ಲಿ ಪಾರ್ಕರ್ ತೀರಿಕೊಂಡ. ಅದೇ ವರ್ಷ ಷೀಲಾ ಅವರಿಗೆ ಮಗಳು ಹುಟ್ಟಿದಳು. ದಾಂಪತ್ಯ ಬಹುಕಾಲ ಬಾಳಲಿಲ್ಲ. ಮಗುವನ್ನು ಸಾಕುವ ಹೊಣೆ ತಾಯೊಬ್ಬಳದೇ ಆಯಿತು. ಆಗ ಆಕೆ ಮಾಡಿದ್ದೇನು? ಹಗಲು ಕಚೇರಿಯಲ್ಲಿ ಬೆರಳಚ್ಚು ಮಾಡಿದರು. ವಾರದಲ್ಲಿ ಕೆಲವು ರಾತ್ರಿ ಗ್ರೀನಿಚ್ ವಿಲೇಜಿನ ಸಣ್ಣ ಕ್ಲಬ್ಬೊಂದರಲ್ಲಿ ಹಾಡಿದರು. ಮುಂದೆ ಜಾಹೀರಾತು ಸಂಸ್ಥೆಯೊಂದರಲ್ಲಿ ನೆಲೆನಿಂತ ಈ ಕಚೇರಿಯ ದುಡಿಮೆ ಆಕೆಗೆ 58 ವರ್ಷವಾಗುವವರೆಗೂ ನಡೆಯಿತು. ಹಿಂದೆ ನಮ್ಮ ಸರಕಾರಿ ನೌಕರರು ನಿವೃತ್ತಿ ಹೊಂದುತ್ತಿದ್ದ ವಯಸ್ಸು ಅದು. ಹಾಡೊಂದನ್ನೇ ನಂಬಿ ಜೀವಿಸುವ ಯೋಗ ಆಕೆಗೆ ಬಂದದ್ದು ಆಮೇಲೆ.

ಇದನ್ನು ಕೇಳಿ, "ಅಯ್ಯೋ ಪಾಪ" ಎನ್ನುವವರಿದ್ದಾರೆ. ನಾನೂ ಅಂದೆ. ಆದರೆ ಮುದ್ರಿಕೆಗಳನ್ನು ಕೇಳಿದ ಮೇಲೆ ಆ ಮರುಕ ನಿಲ್ಲುವುದಿಲ್ಲ.

1962ರಲ್ಲಿ ಆಕೆಯ ಎರಡು ಮುಖ್ಯ ಮುದ್ರಿಕೆಗಳು ಸಿದ್ಧವಾದವು. ಒಂದು, ಸಂಗೀತ ಸಂಯೋಜಕ ಜಾರ್ಜ್ ರಸೆಲ್ ಅವರ ಗೋಷ್ಠಿಯೊಡನೆ ಹಾಡಿದ 'ಯು ಆರ್ ಮೈ ಸನ್‌ಷೈನ್'. ಅಮೆರಿಕದ ಮಕ್ಕಳಿಗೂ ಬಾಯಿಗೆ ಬರುವ ಜನಪ್ರಿಯ ಗೀತೆ ಇದು. ಧಾಟಿ ಸಂತೋಷದ್ದು, ಮಾತು ಅಗಲಿಕೆಯದು. ಷೀಲಾ ಬೆಳೆದ ಗಣಿಸೀಮೆಯನ್ನು ಕಣ್ಣಾರೆ ಕಂಡುಬಂದ ರಸೆಲ್, ಅಲ್ಲಿಯ ಜನವನ್ನು ನೆನೆದು ಈ ಹಾಡನ್ನು ಹೊಸದಾಗಿ ಹವಣಿಸಿದರು. ವಾದ್ಯಗಳು ಕರ್ಕಶವೆನ್ನುವಷ್ಟು ಬಿಗುವಿನಿಂದ ನುಡಿಯುತ್ತ ನುಡಿಯುತ್ತ ಒಮ್ಮೆಗೇ ನಿಂತುಹೋಗುತ್ತವೆ. ಆ ಮೌನದೊಳಗಿಂದ, ಯಾವ ಶ್ರುತಿಯ ಆಸರೆಯೂ ಇಲ್ಲದೆ, ಒಂಟಿ ದನಿಯೊಂದು ಆ ಪರಿಚಿತ ಗೀತೆಯನ್ನು ಬಹು ನಿಧಾನವಾಗಿ ಎತ್ತಿಕೊಳ್ಳುತ್ತದೆ. ದೊಡ್ಡ ಕಂಠದ ಗಾಯಕಿ ಇದನ್ನು ಹಾಡಿದ್ದರೆ ಅದು ಪ್ರದರ್ಶನವಾಗುತ್ತಿತ್ತು. ಈ ತೆಳುದನಿಯಲ್ಲಿ ಅದು ಕತ್ತಲ ಮನೆಯಲ್ಲಿ ಹೆದರಿಕೆ ಕಳೆಯಲು ಮಗು ಹಾಡಿಕೊಳ್ಳುವ ಹಾಡಾಗುತ್ತದೆ. ಮೊದಲ ಸಲ ನಾನು ಯಾವುದನ್ನು ದನಿಯ ಬಡತನವೆಂದುಕೊಂಡೆನೋ ಅದು ಆ ದನಿಯ ನಿಜ ಎಂದು ತಿಳಿದದ್ದು ಈ ಹಾಡಿನಿಂದ.

ಎರಡನೆಯದು 'ಪೋರ್ಟ್ರೇಟ್ ಆಫ್ ಷೀಲಾ'. ಬ್ಲೂ ನೋಟ್ ಸಂಸ್ಥೆ 1963ರಲ್ಲಿ ಇದನ್ನು ಹೊರತಂದಿತು. ಗಿಟಾರ್, ಬಾಸ್, ಡ್ರಮ್ಸ್ ಮೂರೇ ಪಕ್ಕವಾದ್ಯ, ಪಿಯಾನೊ ಇಲ್ಲ. ಇದರ 12 ಹಾಡುಗಳಲ್ಲಿ 'ದ್ಯಾಟ್ ಡೇರ್' ಎಂಬುದೊಂದಿದೆ. ಬಾಬಿ ಟಿಮನ್ಸ್ ಅವರ ಮಟ್ಟಿಗೆ ಆಸ್ಕರ್ ಬ್ರೌನ್ ಎಂಬ ಕವಿ-ಗಾಯಕರು ತಮ್ಮ ಪುಟ್ಟ ಮಗನ ಮುಗಿಯದ ಪ್ರಶ್ನೆಗಳನ್ನೇ ಮಾತಾಗಿ ಹೊಂದಿಸಿದ ಹಾಡು. ಇಲ್ಲಿ ಗಿಟಾರೂ ಡ್ರಮ್ಸೂ ಹಿಂದೆ ಸರಿದು, ಸ್ಟೀವ್ ಸ್ವಾಲೊ ಅವರ ಬಾಸ್ ಒಂದೇ ಉಳಿಯುತ್ತದೆ. ಆಗ ಆಕೆಯ ಮಗಳಿಗೆ ಏಳು ವರ್ಷ. ಪ್ರಶ್ನೆ ಕೇಳುವ ಮಗುವಿನ ಕಾತರ, ಉತ್ತರ ಹೇಳಿ ದಣಿದ ಹೆತ್ತವರ ಅಕ್ಕರೆ, ಎರಡೂ ಒಂದೇ ದನಿಯಲ್ಲಿ ಬಂದುಹೋಗುತ್ತವೆ. ಮಗುವಿನ ದನಿಯನ್ನು ಅಣಕಿಸುವ ಅಗ್ಗದ ಉಪಾಯಕ್ಕೆ ಮಾತ್ರ ಆಕೆ ಕೈಹಾಕುವುದಿಲ್ಲ.

ಬಾಸ್ ಎಂದರೆ ಆಳೆತ್ತರದ, ನಿಂತು ನುಡಿಸುವ, ಮಂದ್ರಸ್ವರದ ತಂತಿವಾದ್ಯ. ದನಿ ಮತ್ತು ಬಾಸ್ ಎರಡೇ ಸೇರಿ ಇಡೀ ಕಚೇರಿ ನಡೆಸಬೇಕೆಂಬುದು ಷೀಲಾ ಅವರ ಬಹುದಿನದ ಹಂಬಲ. 1977ರಲ್ಲಿ ನಾರ್ವೆಯ ಆರಿಲ್ಡ್ ಆಂಡರ್ಸನ್ ಅವರೊಡನೆ ಇಂಥದೊಂದು ಪೂರ್ಣ ಮುದ್ರಿಕೆ ಮಾಡಿದರು. ಮುಂದೆ ಹಾರ್ವಿ ಸ್ವಾರ್ಟ್ಸ್, ಆಮೇಲೆ ಕ್ಯಾಮರನ್ ಬ್ರೌನ್ ಅವರೊಡನೆ ಈ ಜೋಡಿ ಹಾಡಿಕೆಯನ್ನು ದೇಶದೇಶಗಳಿಗೆ ಕೊಂಡೊಯ್ದರು. ಇದರಲ್ಲಿ ಏನು ಹೆಚ್ಚುಗಾರಿಕೆ ಎಂದು ವಾಚಕರು ಕೇಳಬಹುದು. ನಮ್ಮ ಸಂಗೀತದಲ್ಲಿ ಶ್ರುತಿ ನಿಂತ ನೆಲ. ರಾಗ ಅದರ ಮೇಲೆ ನಡೆದಾಡುತ್ತದೆ. ಜಾಝ್ ಸಂಗೀತದಲ್ಲಿ ನೆಲವೇ ನಡೆಯುತ್ತದೆ. ಹಾಡಿನ ಕೆಳಗೆ ಸ್ವರಮೇಳಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿರುತ್ತವೆ. ಹಾಡುವವರು ಅವುಗಳ ಮೇಲೆ ಕಾಲಿಡುತ್ತ ಹೋಗಬೇಕು. ಪಿಯಾನೊ ಇದ್ದರೆ ಒಂದೊಂದು ಮೇಳದ ಎಲ್ಲ ಸ್ವರಗಳೂ ಒಟ್ಟಿಗೆ ಕೇಳಿಸಿ ದಾರಿ ಹಾಸಿಕೊಡುತ್ತವೆ. ಬಾಸ್ ಒಂದೇ ಇದ್ದಾಗ ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಸ್ವರ. ಉಳಿದುದನ್ನು ಗಾಯಕಿ ತನ್ನ ಕಿವಿಯೊಳಗೆ ಹೊತ್ತುಕೊಂಡಿರಬೇಕು. ತಪ್ಪಿದರೆ ಮುಚ್ಚಿಕೊಳ್ಳಲು ಮರೆಯಿಲ್ಲ. ಟ್ರಿಸ್ಟಾನೊ ಅವರ ಮುಂದೆ ಕೂತು ಪಳಗಿಸಿದ ಕಿವಿ ಫಲಕೊಟ್ಟದ್ದು ಇಲ್ಲಿ. ಕೇಳುವವರಾದ ನಾವೂ ಇಲ್ಲದ ಸ್ವರಗಳನ್ನು ಊಹಿಸಿಕೊಳ್ಳುತ್ತ ಹಾಡಿನಲ್ಲಿ ಪಾಲುಗಾರರಾಗುತ್ತೇವೆ.

ಇನ್ನೊಂದು ಗುಣವೂ ವಿಚಾರ ಮಾಡತಕ್ಕದ್ದು. ನಮ್ಮಲ್ಲಿ ನೆರವಲ್ ಮಾಡುವಾಗ ಗಾಯಕರು ಸಾಹಿತ್ಯದ ಒಂದು ಸಾಲನ್ನು ಹಿಡಿದು, ಮಾತನ್ನು ಹಾಗೆಯೇ ಇಟ್ಟುಕೊಂಡು ಧಾತುವನ್ನು ಬೆಳೆಸುತ್ತಾರೆ. ಷೀಲಾ ಅವರು ಎಷ್ಟೋ ವೇಳೆ ಮಾತನ್ನೂ ಅಲ್ಲಿಯೇ ಹುಟ್ಟಿಸುತ್ತಿದ್ದರು. ಎದುರಿಗಿರುವ ಊರು, ಪಕ್ಕದಲ್ಲಿರುವ ವಾದಕ, ಅಂದಿನ ಮಳೆ, ತೀರಿಹೋದ ಗೆಳೆಯ, ಎಲ್ಲವೂ ಹಾಡಿನ ನಡೆಗೆ ಹೊಂದಿಕೊಂಡು ಮಾತಾಗಿ ಬಂದುಬಿಡುತ್ತಿದ್ದವು. ತನ್ನ ಬಾಳಿನ ಕಥೆಯನ್ನೇ ಬ್ಲೂಸ್ ಧಾಟಿಯಲ್ಲಿ ಹೇಳುವ ಒಂದು ಹಾಡನ್ನು ಆಕೆ ಊರೂರಿಗೆ ಹೊಸ ಮಾತಿನಿಂದ ಬೆಳೆಸುತ್ತಿದ್ದರು.

ವಿಮರ್ಶಕನಾದವನು ಇಲ್ಲಿ ಮೆಚ್ಚಿಗೆಯನ್ನು ಸ್ವಲ್ಪ ತಡೆದು ನಿಲ್ಲಿಸಬೇಕಾಗುತ್ತದೆ. ಈ ಆಶುಮಾತು ಎಲ್ಲ ವೇಳೆಯಲ್ಲೂ ಕಾವ್ಯವಾಗುವುದಿಲ್ಲ. ಕೆಲವೆಡೆ ಅದು ಬರಿಯ ವರದಿ. ಸ್ಮರಿಸಬೇಕಾದವರ ಹೆಸರುಗಳ ಪಟ್ಟಿ. ಆತ್ಮಕಥೆಯ ಹಾಡಿನ ಹಲವು ಮುದ್ರಿಕೆಗಳನ್ನು ಒಟ್ಟಿಗೆ ಕೇಳಿದರೆ, ಹೊಸತೆನ್ನುವುದರ ಅಡಿಯಲ್ಲಿ ಹಳೆಯ ಜಾಡು ಕಾಣುತ್ತದೆ. ಅನುಭವ ಹೇಳಿ ಹೇಳಿ ನುಣುಪಾಗಿಬಿಟ್ಟಿದೆ. ತೀರ ಮುಪ್ಪಿನ ಮುದ್ರಿಕೆಗಳಲ್ಲಿ ಸ್ವರ ಸಡಿಲವಾದುದನ್ನು ಅಭಿಮಾನದಿಂದ ಮುಚ್ಚಿಡಬೇಕಾಗಿಲ್ಲ. ಆದರೂ ಒಂದು ಹೋಲಿಕೆ ನನ್ನ ಮನಸ್ಸಿಗೆ ಬರುತ್ತದೆ. 1979ರ ಸುಮಾರಿಗೆ ಸ್ಟೀವ್ ಸ್ವಾಲೊ ಅವರು ರಾಬರ್ಟ್ ಕ್ರೀಲಿ ಎಂಬ ಕವಿಯ ಪುಟ್ಟ ಪುಟ್ಟ ಕವಿತೆಗಳಿಗೆ ಸಂಗೀತ ಹವಣಿಸಿ 'ಹೋಮ್' ಎಂಬ ಮುದ್ರಿಕೆ ಮಾಡಿದರು. ಅಲ್ಲಿ ಹಾಡಿದವರು ಷೀಲಾ. ಒಂದು ಮಾತನ್ನೂ ಆಕೆ ಸೇರಿಸುವುದಿಲ್ಲ; ಕವಿ ಸಾಲು ಮುರಿದ ಕಡೆಯಲ್ಲಿ ಉಸಿರು ಮುರಿಯುತ್ತದೆ, ಅಷ್ಟೆ. ಮನಬಂದಂತೆ ಮಾತು ಬೆಳೆಸಬಲ್ಲವರಿಗೆ ಇನ್ನೊಬ್ಬರ ಮಾತಿನ ಮುಂದೆ ಹೀಗೆ ಅಡಗಿ ನಿಲ್ಲುವುದೂ ತಿಳಿದಿತ್ತು. ಮೊದಲನೆಯದು ಪ್ರತಿಭೆ ಎನ್ನುವುದಾದರೆ ಎರಡನೆಯದು ಸಂಸ್ಕಾರ.

ಈಗ ಕಚೇರಿಯ ಪ್ರಶ್ನೆಗೆ ಮರಳೋಣ. 1963ರ ಮುದ್ರಿಕೆಯ ಅನಂತರ ಆಕೆಯ ಹೆಸರಿನಲ್ಲಿ ಇನ್ನೊಂದು ಮುದ್ರಿಕೆ ಹೊರಬಂದದ್ದು 1975ರಲ್ಲಿ, ಅದೂ ಜಪಾನಿನ ಸಂಸ್ಥೆಯೊಂದರಿಂದ. 1960ರಲ್ಲಿಯೇ ಹಾಡಿ ಮುಗಿಸಿದ್ದ ಒಂದು ಕಂತೆ ಹಾಡುಗಳಂತೂ ಬೆಳಕು ಕಂಡದ್ದು 2021ರಲ್ಲಿ, 61 ವರ್ಷಗಳ ಮೇಲೆ! ಈ ನಡುವಣ ಕಾಲದಲ್ಲಿ ಮಾರುಕಟ್ಟೆ ಆಕೆಯನ್ನು ಕೇಳಲಿಲ್ಲ. ಆಕೆಯೂ ಮಾರುಕಟ್ಟೆ ಕೇಳಿದ್ದನ್ನು ಹಾಡಲಿಲ್ಲ. ಎರಡನೆಯದು ಸಾಧ್ಯವಾದದ್ದು ಹೇಗೆ? ತಿಂಗಳ ಸಂಬಳ ಇದ್ದುದರಿಂದ. ಬಾಡಿಗೆಯ ಹಣಕ್ಕಾಗಿ ಹಾಡಬೇಕಾಗಿದ್ದಿದ್ದರೆ, ದನಿಯೊಂದು ಬಾಸ್ ಒಂದು ಎಂಬ, ಯಾರೂ ಕೊಳ್ಳದಿದ್ದ ಆ ಹುಚ್ಚನ್ನು ಆಕೆ ದಶಕಗಳ ಕಾಲ ಕಾಪಾಡಿಕೊಳ್ಳಲಾಗುತ್ತಿತ್ತೆ? ಸಂಗೀತ ತನ್ನನ್ನು ಸಾಕುವವರೆಗೆ ತಾನೇ ಸಂಗೀತವನ್ನು ಸಾಕಿದೆ ಎಂಬ ಭಾವದ ಮಾತನ್ನು ಆಕೆ ಆಡುತ್ತಿದ್ದರು. ಕಲೆ ನಮ್ಮನ್ನು ಸಾಕಲಿಲ್ಲವಲ್ಲ ಎಂದು ಗೊಣಗುವವರನ್ನು ನಾನು ಬಹಳ ಕಂಡಿದ್ದೇನೆ. ಕಲೆಯನ್ನು ಮಗುವಿನಂತೆ ದುಡಿದು ಸಾಕಿದೆನೆಂದು ಹೇಳಿದವರನ್ನು ಕಂಡದ್ದು ಕಡಮೆ. ಹಾಗೆಂದು ಆ ಬಾಳನ್ನು ಹೂವಿನ ಹಾಸಿಗೆಯೆಂದು ಬಣ್ಣಿಸಲಾರೆ. ಮನೆತನದ ಶಾಪವಾದ ಕುಡಿತ ಆಕೆಯನ್ನೂ ಬಿಡಲಿಲ್ಲ. ಅದರಿಂದ ಬಿಡಿಸಿಕೊಂಡು ಮೇಲೆದ್ದದ್ದು ಐವತ್ತು ದಾಟಿದ ಮೇಲೆ. ಇದನ್ನೂ ಆಕೆ ಮುಚ್ಚಿಡಲಿಲ್ಲ.

ಪಾಠ ಹೇಳುವ ಕೆಲಸ ಬಂದದ್ದು 1978ರಲ್ಲಿ, ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ. ಆಗ ಕಚೇರಿಯ ದುಡಿಮೆ ಇನ್ನೂ ನಡೆಯುತ್ತಲೇ ಇತ್ತೆಂಬುದನ್ನು ಗಮನಿಸಬೇಕು. ಜಾಝ್ ಗಾಯನವನ್ನು ಕಾಲೇಜಿನ ಪಾಠವೆಂದು ಎಣಿಸುವವರು ಆಗ ಬಹಳ ಮಂದಿ ಇರಲಿಲ್ಲ. ಅಲ್ಲಿ 25 ವರ್ಷಗಳಿಗೂ ಮೇಲ್ಪಟ್ಟು ಕಲಿಸಿದರು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ, ಬೇಸಗೆಯಲ್ಲಿ ಮಸಾಚುಸೆಟ್ಸ್, ವರ್ಮಾಂಟ್ ಸೀಮೆಗಳ ಶಿಬಿರಗಳಲ್ಲಿ, ಯೂರೋಪಿನಲ್ಲಿ ಹಾಡಲು ಹೋದ ಊರುಗಳಲ್ಲಿ, ಎಲ್ಲೆಲ್ಲಿಯೂ ಪಾಠ ನಡೆಯಿತು. ಮೊದಲು ಹಾಡಿನ ಮಟ್ಟನ್ನು ಕರ್ತೃ ಬರೆದಂತೆ ನಿಷ್ಠೆಯಿಂದ ಕಲಿಯಬೇಕು, ಅದನ್ನು ಬಿಟ್ಟು ಹೊರಡುವುದು ಅನಂತರ. ಯಾರನ್ನೂ ಅನುಕರಿಸಬಾರದು, ತನ್ನನ್ನಂತೂ ಅನುಕರಿಸಲೇಬಾರದು. ಆಕೆಯ ಪಾಠದ ಸಾರ ಇಷ್ಟು. ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಹಳಗನ್ನಡ ಪಾಠ ಮಾಡುವ ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಪದ್ಯವನ್ನು ಇದ್ದಂತೆ ಓದಲು ಬಾರದವನ ಸ್ವಂತ ಅಭಿಪ್ರಾಯ ಅಭಿಪ್ರಾಯವಲ್ಲ.

ತಾನು ತಾರೆಯಲ್ಲ, ಈ ಸಂಗೀತದ ಸುದ್ದಿಯನ್ನು ಮುಟ್ಟಿಸುವ ದೂತೆ ಎಂದು ಆಕೆ ಹೇಳಿಕೊಳ್ಳುತ್ತಿದ್ದರು. ವಿನಯದ ಮಾತೆಂದು ಇದನ್ನು ಬಿಟ್ಟುಬಿಡಬಾರದು. ಹಾಡುವುದು, ಕಲಿಸುವುದು, ಸಂಚಾರ ಮಾಡುವುದು ಆಕೆಗೆ ಮೂರು ಉದ್ಯೋಗಗಳಾಗಿರಲಿಲ್ಲ. ಜೂಕ್‌ಬಾಕ್ಸಿನಿಂದ ತನಗೆ ಬಂದುದನ್ನು ಮುಂದಕ್ಕೆ ದಾಟಿಸುವ ಒಂದೇ ಕೆಲಸದ ಬೇರೆ ಬೇರೆ ದಾರಿಗಳು ಅವು. 2012ರಲ್ಲಿ ಅಮೆರಿಕ ಸರಕಾರದ ಕಲಾನಿಧಿ ಆಕೆಗೆ 'ಜಾಝ್ ಮಾಸ್ಟರ್' ಗೌರವವನ್ನಿತ್ತಿತು. ಆಗ ವಯಸ್ಸು 83. ಆಮೇಲೂ ಹಾಡು ನಿಲ್ಲಲಿಲ್ಲ. ಕೊನೆಯ ಮುದ್ರಿಕೆ 'ಪೋರ್ಟ್ರೇಟ್ ನೌ' ಹೊರಬಂದದ್ದು 2025ರಲ್ಲಿ, ತೀರಿಕೊಂಡ ವರ್ಷವೇ. ಮೊದಲ 'ಪೋರ್ಟ್ರೇಟ್'ಗೂ ಇದಕ್ಕೂ ನಡುವೆ 62 ವರ್ಷ. ಎರಡನ್ನೂ ಒಂದರ ಹಿಂದೊಂದು ಕೇಳಿದೆ. ದನಿ ಸವೆದಿದೆ; ಮಾತನ್ನು ಮುಟ್ಟುವ ರೀತಿ ಮಾತ್ರ ಅದೇ.

ದುಡಿಮೆಯೂ ಪಾಠವೂ ಕಲೆಯ ಶತ್ರುಗಳಲ್ಲ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಎಷ್ಟೋ ಮಂದಿಗೆ, ಅದರಲ್ಲೂ ಹೆಂಗಸರಿಗೆ, ಅವು ಶತ್ರುಗಳೇ ಆಗಿವೆ. ಮನೆಗೆಲಸದಲ್ಲಿ ಮುಗಿದುಹೋದ ಕಂಠಗಳ ಲೆಕ್ಕ ಇಟ್ಟವರು ಯಾರು? ಷೀಲಾ ಜೋರ್ಡನ್ ಅವರ ಬಾಳನ್ನು ತೋರಿಸಿ, "ನೋಡಿ, ಆಕೆಗೆ ಆಯಿತು, ನಿಮಗೇಕಾಗದು?" ಎಂದು ಇನ್ನೊಬ್ಬರನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ. ಆ ಪ್ರಶ್ನೆಯನ್ನು ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳಬೇಕಾದದ್ದು.

ನಾನು ಕೇಳಿಕೊಂಡೆ. ನನಗೆ ಒಂಟಿಯಾಗಿ ಮಗು ಸಾಕುವ ಹೊಣೆಯಿರಲಿಲ್ಲ, ದಿನವಿಡೀ ಬೆರಳಚ್ಚಿನ ಯಂತ್ರದ ಮುಂದೆ ಕೂರುವ ಕರ್ಮವಿರಲಿಲ್ಲ, ವರ್ಷಕ್ಕೆರಡು ರಜೆಗಳಿದ್ದವು. ನನ್ನ ಪದ್ಯಗಳನ್ನು ಉತ್ತರಪತ್ರಿಕೆಗಳು ತಿಂದುಹಾಕಿದವು ಎಂಬ ಮಾತು ಸುಳ್ಳು. ನಾನು ಅವುಗಳನ್ನು ಸಾಕಲಿಲ್ಲ, ಅಷ್ಟೆ. ನಲವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಂಡರೆ ಕವಿತೆ ಮರಳಿ ಬಂದೀತೆಂಬ ಭರವಸೆ ನನಗಿಲ್ಲ. ಆದರೆ ನಾಳೆ ಯಾರಾದರೂ ವಿದ್ಯಾರ್ಥಿ ತನ್ನ ಪದ್ಯಗಳ ನೋಟುಬುಕ್ಕನ್ನು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರೆ, "ಮೊದಲು ಒಂದು ನೌಕರಿ ನೋಡಿಕೊಳ್ಳಪ್ಪ" ಎಂದು ಇದುವರೆಗೆ ಹೇಳಿ ಕಳಿಸುತ್ತಿದ್ದ ನಾನು, ಆ ಮಾತನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ನೌಕರಿ ನೋಡಿಕೊ, ಆ ಸಂಬಳದಲ್ಲಿ ಇದನ್ನೂ ಸಾಕು ಎಂದು ಹೇಳಿ, ಕುರ್ಚಿ ಎಳೆದು ಕೂರಿಸಿ, ನೋಟುಬುಕ್ಕನ್ನು ಕೈಗೆ ತೆಗೆದುಕೊಳ್ಳುತ್ತೇನೆ.